ಮಗನಿಗೆ ಕಲರ್ ಬ್ಲೈಂಡ್ ಅಂದರು. ರೈಲು ಓಡಿಸುವ ಆಸೆ ಇಲ್ಲಿಗೇ ಬಿಡಬೇಕಾ?

ಘಟ್ಟದ ಮೇಲಿನ ಮನೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಸಕಲೇಶಪುರದ ಹತ್ತಿರ. ಮಗ ಈಗ ಎಸ್ಸೆಸ್ಸೆಲ್ಸಿ. ಚಿಕ್ಕಂದಿನಿಂದ ಒಂದೇ ಹಠ, ಲೋಕೋ ಪೈಲಟ್ ಆಗಬೇಕು ಅಂತ. ಘಾಟಿ ಇಳಿಯುವ ಗಾಡಿಗಳ ಟೈಮೆಲ್ಲ ಬಾಯಲ್ಲೇ ಇದೆ.

ಹೋದ ವಾರ ಶಾಲೆಯಲ್ಲಿ ಕಣ್ಣಿನ ತಪಾಸಣೆ ಇತ್ತು. ಚುಕ್ಕಿ ಚುಕ್ಕಿ ಚಿತ್ರಗಳ ಪುಸ್ತಕ ತೋರಿಸಿದರಂತೆ. ಮೊದಲನೇ ಹಾಳೆಯಲ್ಲಿ 12 ಅಂತ ಸರಿಯಾಗಿ ಓದಿದ. ಆಮೇಲಿನವುಗಳಲ್ಲಿ ಕೆಲವು ಕಡೆ ಬೇರೆಯೇ ಅಂಕಿ ಹೇಳಿದ, ಕೆಲವು ಕಡೆ "ಏನೂ ಇಲ್ಲ, ಬರೀ ಚುಕ್ಕಿ" ಅಂದ. ಕೆಂಪು-ಹಸಿರು ದೋಷ ಅಂತ ಚೀಟಿ ಬರೆದು ಕಳಿಸಿದ್ದಾರೆ.

ಇದಕ್ಕೆ ಔಷಧಿ ಇದೆಯಾ? ರೈಲ್ವೆ ಕೆಲಸಕ್ಕೆ ನಿಜವಾಗಲೂ ತೊಂದರೆಯಾ? ಟ್ರಾಫಿಕ್ ಲೈಟ್ ಸರಿಯಾಗಿ ಹೇಳುತ್ತಾನೆ, ಅಂದರೆ ಸ್ವಲ್ಪವೇ ಇರಬೇಕು ಅಲ್ವಾ? ಇನ್ನೊಂದು ವಿಷಯ. ನಮ್ಮ ಅತ್ತೆ "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಇದು ನಿನ್ನ ತೌರಿನಿಂದ ಬಂದಿದ್ದು" ಅಂತ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಇದಕ್ಕೆ ಏನು ಉತ್ತರ ಕೊಡಲಿ?

ತುಂಗೆಯ ದಡ
ನನಗೂ ಇದೆ. ವಯಸ್ಸು ನಲವತ್ತು ದಾಟಿದೆ. ಕೆಲಸ ಇದೆ, ಮದುವೆ ಆಗಿದೆ, ಕಾರು ಓಡಿಸುತ್ತೇನೆ. ಸೀರೆ ಅಂಗಡಿಗೆ ಮಾತ್ರ ಹೆಂಡತಿ ಕರೆದುಕೊಂಡು ಹೋಗಲ್ಲ. ಅದು ಲಾಭವೇ.

ಬೆಂಗಳೂರು ಬಿಸಿಲು
ಹೌದಾ ತುಂಗೆಯವರೇ? ಹಾಗಾದರೆ ನಿಮ್ಮ ಪ್ರೊಫೈಲ್ ಚಿತ್ರದಲ್ಲಿರುವ ಶರ್ಟ್ ಯಾವ ಬಣ್ಣ ಹೇಳಿ ನೋಡೋಣ.

ತುಂಗೆಯ ದಡ
ಬಂತು ನೋಡಿ! ಇದನ್ನೇ ಕಾಯುತ್ತಿದ್ದೆ. ವಿಷಯ ಹೇಳಿದ ಮರುಕ್ಷಣ ಎದುರಿಗಿದ್ದವರು ಪೆನ್ನೋ ಚಪ್ಪಲಿಯೋ ಎತ್ತಿ ಹಿಡಿದು "ಇದು ಯಾವ ಬಣ್ಣ?" ಅಂತ ಕೇಳೇ ಕೇಳುತ್ತಾರೆ. ಕುಂಟುವವರನ್ನು ಕಂಡರೆ ಓಡಿ ತೋರಿಸು ಅಂತೀರಾ?

ಕಣ್ಣಾಸ್ಪತ್ರೆ ಕೆಲಸದವಳು
ನಾನು ಆಪ್ಟೋಮೆಟ್ರಿಸ್ಟ್. ಮೊದಲು ಅಮ್ಮನ ಪ್ರಶ್ನೆಗೆ ಬರೋಣ.

ನಮ್ಮ ಕಣ್ಣಿನ ಪರದೆಯಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಥರ ಇವೆ. ಅದರಲ್ಲಿ ಒಂದು ಥರ ಪೂರ್ತಿ ಇಲ್ಲದಿದ್ದರೆ ದೋಷ ಜಾಸ್ತಿ. ಇದ್ದರೂ ಅದು ಪಕ್ಕದ್ದರ ಹಾಗೆಯೇ ಕೆಲಸ ಮಾಡುತ್ತಿದ್ದರೆ ದೋಷ ಕಡಿಮೆ. ತುಂಬಾ ಜನರಲ್ಲಿ ಕಾಣುವುದು ಈ ಎರಡನೇ ಬಗೆ, ಅದರಲ್ಲೂ ಹಸಿರಿನ ಕಡೆಯದು. ಇವರಿಗೆ ಲೋಕ ಕಪ್ಪು-ಬಿಳುಪಾಗಿ ಕಾಣಲ್ಲ. ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತದೆ. ಕೆಂಪು, ಹಸಿರು, ಕಂದು, ಕಿತ್ತಳೆ ಒಂದರಲ್ಲೊಂದು ಸೇರಿಹೋಗುತ್ತವೆ. ನೇರಳೆ ನೀಲಿಯಾಗಿಬಿಡುತ್ತದೆ.

ಆ ಚುಕ್ಕಿ ಪುಸ್ತಕ ಜಪಾನಿನ ಶಿನೋಬು ಇಶಿಹಾರಾ ಅನ್ನುವ ಕಣ್ಣಿನ ಡಾಕ್ಟರು 1917ರಲ್ಲಿ ಹೊರತಂದದ್ದು. 12ರ ಹಾಳೆ ಎಲ್ಲರಿಗೂ ಕಾಣುವ ಹಾಗೆಯೇ ಮಾಡಿದ್ದು. ಪರೀಕ್ಷೆ ಅರ್ಥವಾಗಿದೆಯಾ, ಸುಮ್ನೆ ನಾಟಕ ಮಾಡುತ್ತಿದ್ದಾರಾ ಅಂತ ಅದರಿಂದ ತಿಳಿಯುತ್ತದೆ. ನಿಮ್ಮ ಮಗ ಬೇರೆ ಅಂಕಿ ಹೇಳಿದ್ದೂ ಅವನ ತಪ್ಪಲ್ಲ. ಕೆಲವು ಹಾಳೆಗಳಲ್ಲಿ ನಮಗೆ ಒಂದು ಅಂಕಿ, ಅವರಿಗೆ ಇನ್ನೊಂದು ಅಂಕಿ ಕಾಣುವ ಹಾಗೆಯೇ ಚುಕ್ಕಿ ಜೋಡಿಸಿರುತ್ತಾರೆ.

ಈ ಪುಸ್ತಕದಿಂದ ದೋಷ ಇದೆಯಾ ಇಲ್ಲವಾ ಅಂತ ತಿಳಿಯುತ್ತದೆ. ಎಷ್ಟಿದೆ ಅಂತ ಸರಿಯಾಗಿ ತಿಳಿಯಲ್ಲ. ಅದಕ್ಕೆ ಡಿ-15 ಅನ್ನುವ ಪರೀಕ್ಷೆ ಇದೆ. ಬಣ್ಣದ ಬಿಲ್ಲೆಗಳನ್ನು ಒಂದರ ಪಕ್ಕ ಅದಕ್ಕೆ ಹತ್ತಿರದ ಬಣ್ಣದ್ದು ಬರುವ ಹಾಗೆ ಸಾಲಾಗಿ ಇಡಬೇಕು. ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಕೇಳಿ, ಬೆಂಗಳೂರಿಗೆ ಬಂದರೆ ಮಿಂಟೋದಲ್ಲೂ ವಿಚಾರಿಸಬಹುದು. ಹುಟ್ಟಿನಿಂದ ಬಂದದ್ದಕ್ಕೆ ಮಾತ್ರೆ, ಡ್ರಾಪ್ಸ್, ಆಪರೇಷನ್ ಯಾವುದೂ ಇಲ್ಲ. ಒಂದು ಸಮಾಧಾನ ಅಂದರೆ ಇದು ವಯಸ್ಸಾದ ಹಾಗೆ ಹೆಚ್ಚಾಗುವುದೂ ಇಲ್ಲ.

ನಾಟಿ ಮದ್ದು
ಔಷಧಿ ಇಲ್ಲ ಅಂತ ಅಷ್ಟು ಸುಲಭಕ್ಕೆ ಹೇಳಬೇಡಿ. ತ್ರಿಫಲಾ ನೀರಿನಲ್ಲಿ ದಿನಾ ಕಣ್ಣು ತೊಳೆಯಲಿ. ನಮ್ಮ ಕಡೆ ಒಬ್ಬರಿಗೆ ಕನ್ನಡಕವೇ ಹೋಯಿತು.

ಕಣ್ಣಾಸ್ಪತ್ರೆ ಕೆಲಸದವಳು
ಕನ್ನಡಕದ ನಂಬರಿಗೂ ಇದಕ್ಕೂ ಸಂಬಂಧವೇ ಇಲ್ಲ ಸಾರ್. ಇದು ಕೋಶದೊಳಗಿನ ಜೀನಿನ ವಿಷಯ, ಹೊರಗಿನಿಂದ ತೊಳೆದರೆ ಬದಲಾಗಲ್ಲ. ಮನೆಯಲ್ಲಿ ಕಾಯಿಸಿದ ನೀರು ಕಣ್ಣಿಗೆ ಹಾಕಿಕೊಂಡು ಸೋಂಕು ಮಾಡಿಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇವೆ. ದಯವಿಟ್ಟು ಆ ಹುಡುಗನ ಕಣ್ಣಿಗೆ ಏನೂ ಹಾಕಿಸಬೇಡಿ.

ಬಯಾಲಜಿ ಬೆಂಚು
ಅತ್ತೆಯ ವಿಷಯಕ್ಕೆ ಉತ್ತರ. ಬೇಜಾರು ಮಾಡಿಕೊಳ್ಳಬೇಡಿ, ಅವರು ಹೇಳಿದ್ದು ಲೆಕ್ಕಕ್ಕೆ ಸರಿ. ಕೆಂಪು-ಹಸಿರಿನ ಜೀನುಗಳು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ, ಅಪ್ಪನಿಂದ ಬರುವುದು ವೈ. ಆದ್ದರಿಂದ ಮಗನಿಗೆ ಇದು ಅಪ್ಪನ ಕಡೆಯಿಂದ ಬರುವ ಹಾಗೇ ಇಲ್ಲ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅವಳಿಗೆ ಗೊತ್ತೇ ಆಗಲ್ಲ. ನಿಮ್ಮ ತಂದೆಗೆ ಇತ್ತಾ ವಿಚಾರಿಸಿ.

ಹುಬ್ಬಳ್ಳಿ ಗಿರ್ಮಿಟ್
ಅತ್ತೆ ಗೆದ್ದರು ಬಿಡ್ರಿ.

ಬಯಾಲಜಿ ಬೆಂಚು
ಗೆಲ್ಲುವುದು ಏನು ಬಂತು? ಅದೇ ಅಮ್ಮನಿಂದ ಇನ್ನೊಂದು ಎಕ್ಸ್ ಬಂದಿದ್ದರೆ ಈ ಹುಡುಗನಿಗೆ ಇರುತ್ತಲೇ ಇರಲಿಲ್ಲ. ಅರ್ಧಕ್ಕರ್ಧ ಅದೃಷ್ಟ. ಇದರಲ್ಲಿ ಅವರದೇನು ತಪ್ಪು? ಅತ್ತೆಗೆ ಇಷ್ಟು ಹೇಳಿ: ಮೊಮ್ಮಗನ ಗಡ್ಡ, ಎತ್ತರ, ಹಠ ಎಲ್ಲವೂ ಯಾರ ಕಡೆಯಿಂದ ಬಂತು ಅಂತಲೂ ಪಟ್ಟಿ ಮಾಡೋಣ, ಕೂತುಕೊಳ್ಳಿ.

ಘಟ್ಟದ ಮೇಲಿನ ಮನೆ
ಅಪ್ಪ ಈಗಿಲ್ಲ. ಆದರೆ ನೀವು ಕೇಳಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಪ್ಪ ಸಂತೆಯಲ್ಲಿ ಟೊಮೆಟೊವನ್ನು ಕಣ್ಣಲ್ಲಿ ನೋಡಿ ಆರಿಸುತ್ತಿರಲಿಲ್ಲ. ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ, ತೊಟ್ಟಿನ ಹತ್ತಿರ ಮೂಸಿ ಬುಟ್ಟಿಗೆ ಹಾಕುತ್ತಿದ್ದರು. ಅಂಗಡಿಯವರು "ಯಜಮಾನ್ರೇ ಹಿಸುಕಬೇಡಿ" ಅಂತ ಬೈಯುತ್ತಿದ್ದರಂತೆ. ಅವರದು ಅತಿ ಜಿಪುಣತನ ಅಂತಲೇ ಇಷ್ಟು ದಿನ ನಾವೆಲ್ಲ ತಿಳಿದಿದ್ದು.

ಏಲಕ್ಕಿ ಕಾಫಿ
ಇದು ಸರಿಯಾದ ಮಾತು. ನಮ್ಮ ಕಾಫಿ ತೋಟದಲ್ಲಿ ಹಣ್ಣು ಕುಯ್ಯಲು ಬರುವ ಒಬ್ಬರಿಗೆ ಹೀಗೇ ಇದೆ. ನಮಗೆ ಹಸಿರೆಲೆ ನಡುವೆ ಕೆಂಪು ಹಣ್ಣು ಎದ್ದು ಕಾಣುತ್ತದೆ, ಅವರಿಗೆ ಕಾಣಲ್ಲ. ಅವರು ಗೊಂಚಲನ್ನು ಅಂಗೈಗೆ ತೆಗೆದುಕೊಂಡು ಬೆರಳಿನಲ್ಲಿ ಸವರುತ್ತಾರೆ. ಹಣ್ಣಾದದ್ದು ಮೆತ್ತಗೆ ಸಿಗುತ್ತದೆ, ಕಾಯಿ ಕಲ್ಲಿನ ಹಾಗೆ ಗಟ್ಟಿ. ಉಳಿದವರಿಗಿಂತ ಸ್ವಲ್ಪ ನಿಧಾನ. ಆದರೆ ಅವರ ಚೀಲದಲ್ಲಿ ಹಸಿರು ಕಾಯಿ ಎಲ್ಲರಿಗಿಂತ ಕಡಿಮೆ ಇರುತ್ತದೆ. ಈ ಸಲ ರೇಟು ಇರುವ ರೀತಿಗೆ ಅಂಥವರು ಸಿಕ್ಕರೆ ಪುಣ್ಯ.

ಸಂಪಿಗೆ ಮರ
ಹೆಣ್ಣುಮಕ್ಕಳಿಗೆ ಇದು ಬರುವುದೇ ಇಲ್ಲ ಅಂತ ಓದಿದ್ದೆ. ಒಳ್ಳೆಯದಾಯಿತು.

ಉಡುಪಿ ಅಕ್ಕ
ಬರುತ್ತದೆ. ಇಲ್ಲಿ ನಾನೇ ಇದ್ದೇನಲ್ಲ. ನನ್ನ ತಂದೆಗೂ ಇತ್ತು, ತಾಯಿ ಕಡೆಯಿಂದಲೂ ಕೆಟ್ಟ ಎಕ್ಸ್ ಬಂತು. ಇಬ್ಬರು ಗಂಡುಮಕ್ಕಳಿಗೂ ಇದೆ, ನನ್ನಲ್ಲಿ ಇರುವುದೇ ಎರಡೂ ಅಂಥದ್ದು, ಬೇರೆ ಏನು ಕೊಡಲಿ? ಯುರೋಪಿನ ಕಡೆ ಗಂಡಸರಲ್ಲಿ 12ರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ 200ರಲ್ಲಿ ಒಬ್ಬರಿಗೆ ಇದೆ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದಕ್ಕಿಂತ ಕಡಿಮೆ.

ಹೆಂಗಸಾಗಿ ಇದನ್ನು ಇಟ್ಟುಕೊಂಡು ಬದುಕುವುದು ಬೇರೆಯೇ ಪಾಡು. ಗಂಡಸು ಮ್ಯಾಚಿಂಗ್ ತಪ್ಪಿದರೆ "ಗಂಡಸರು ಹಾಗೇ" ಅಂತಾರೆ. ನಾನು ತಪ್ಪಿದರೆ "ಇವಳಿಗೆ ಅಭಿರುಚಿಯೇ ಇಲ್ಲ". ಬ್ಲೌಸ್ ಪೀಸ್ ಎಲ್ಲಕ್ಕೂ ಒಳಗಡೆ ಸೀರೆಯ ಹೆಸರು ಬರೆದ ಬಟ್ಟೆ ತುಂಡು ಹೊಲಿದಿದ್ದೇನೆ. ನಾದಿನಿಗೆ ಇನ್ನೂ ಗೊತ್ತಿಲ್ಲ, ಇದು ಯಾವುದೋ ಶಿಸ್ತು ಅಂದುಕೊಂಡಿದ್ದಾಳೆ.

ಹಳಿ ಮೇಲೆ ಬದುಕು
ರೈಲ್ವೆಯಲ್ಲಿ ಇದ್ದವನು, ನೇರವಾಗಿ ಹೇಳಿಬಿಡುತ್ತೇನೆ. ಲೋಕೋ ಪೈಲಟ್ ಹುದ್ದೆಗೆ ಎ-1 ದರ್ಜೆಯ ಮೆಡಿಕಲ್ ಪಾಸಾಗಬೇಕು. ಬಣ್ಣದ ವಿಷಯದಲ್ಲಿ ಅಲ್ಲಿ ರಿಯಾಯಿತಿ ಇಲ್ಲ. ಚುಕ್ಕಿ ಪುಸ್ತಕ ಇರುತ್ತದೆ, ಲ್ಯಾಂಟರ್ನ್ ಪರೀಕ್ಷೆಯೂ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಸಣ್ಣ ದೀಪದ ಬಣ್ಣ ಹೇಳಬೇಕು.

ನಮ್ಮ ಹುಡುಗರಲ್ಲಿ ಆಗುವ ಅನ್ಯಾಯ ಏನು ಗೊತ್ತಾ? ಊಟ ನಿದ್ದೆ ಬಿಟ್ಟು ಓದಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಊರಲ್ಲಿ ಸಿಹಿ ಹಂಚಿ, ಕೊನೆಗೆ ಮೆಡಿಕಲ್‌ನಲ್ಲಿ ಕೂತಾಗ ಜೀವನದಲ್ಲಿ ಮೊದಲನೇ ಸಲ ಆ ಪುಸ್ತಕ ನೋಡುತ್ತಾರೆ. ನಿಮ್ಮ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲೇ ಗೊತ್ತಾಯಿತು. ಅದನ್ನು ನಷ್ಟ ಅಂದುಕೊಳ್ಳಬೇಡಿ.

ಶಾರ್ಟ್‌ಕಟ್ ಸೋಮ
ಪುಸ್ತಕದಲ್ಲಿ ಇರುವುದು 38 ಹಾಳೆ ಅಷ್ಟೆ. ನೆಟ್‌ನಲ್ಲಿ ಎಲ್ಲವೂ ಸಿಗುತ್ತದೆ. ಬಾಯಿಪಾಠ ಮಾಡಿಸಿ. ನಮ್ಮ ಕೋಚಿಂಗ್ ಸೆಂಟರ್ ಹುಡುಗರು ಮಾಡುವುದೇ ಅದು.

ಹಳಿ ಮೇಲೆ ಬದುಕು
ಸೋಮಣ್ಣ, ಹಾಳೆ ಉಲ್ಟಾ ಪಲ್ಟಾ ಮಾಡಿ ತೋರಿಸುತ್ತಾರೆ, ಲ್ಯಾಂಟರ್ನ್ ಅಂತೂ ಬಾಯಿಪಾಠಕ್ಕೆ ಬರಲ್ಲ. ಅದು ಬಿಡಿ. ಪಾಸಾದ ಅಂತಲೇ ಇಟ್ಟುಕೊಳ್ಳಿ. ಮಳೆಗಾಲದ ರಾತ್ರಿ, ಘಾಟಿ ತಿರುವು, ಗಾಜಿನ ಮೇಲೆ ನೀರು. ದೂರದಲ್ಲಿ ಒಂದೇ ಒಂದು ದೀಪ. ಕೆಂಪಾ, ಹಳದಿಯಾ, ಹಸಿರಾ? ರಸ್ತೆ ಸಿಗ್ನಲ್ಲಿನಲ್ಲಿ ಮೇಲಿನದು ಕೆಂಪು, ಕೆಳಗಿನದು ಹಸಿರು ಅಂತ ಜಾಗ ನೋಡಿ ಹೇಳಬಹುದು. ಅಮ್ಮ ಬರೆದಿದ್ದಾರಲ್ಲ, ಟ್ರಾಫಿಕ್ ಲೈಟ್ ಹೇಳುತ್ತಾನೆ ಅಂತ, ಅದು ಬಹಳ ಸಲ ಹೀಗೇ. ರೈಲಿನ ಬಣ್ಣದ ದೀಪದ ಸಿಗ್ನಲ್ಲಿನಲ್ಲಿ ಕೆಂಪು ಇರುವುದು ಕೆಳಗೆ! ಅದೂ ಕತ್ತಲಲ್ಲಿ ಕಂಬ ಕಾಣಲ್ಲ, ಮೇಲೆ ಕೆಳಗೆ ಅನ್ನುವುದೇ ಇರಲ್ಲ. ಹಿಂದೆ ಸಾವಿರ ಜನ ಮಲಗಿರುತ್ತಾರೆ.

ಸ್ವೀಡನ್ನಿನಲ್ಲಿ 1875ರಲ್ಲಿ ಲಾಗರ್‌ಲುಂಡಾ ಅನ್ನುವ ಕಡೆ ಎರಡು ರೈಲು ಡಿಕ್ಕಿಯಾದವು. ಹೋಲ್ಮ್‌ಗ್ರೆನ್ ಅನ್ನುವ ಪ್ರೊಫೆಸರ್ ಅದಕ್ಕೆ ಸಿಬ್ಬಂದಿಯ ಬಣ್ಣಗುರುಡು ಕಾರಣ ಇರಬಹುದು ಅಂತ ವಾದಿಸಿದರು. ಬಣ್ಣದ ಉಣ್ಣೆ ದಾರ ಆರಿಸುವ ಪರೀಕ್ಷೆ ಮಾಡಿ ರೈಲಿನವರನ್ನೆಲ್ಲ ಕೂರಿಸಿದರು. ಈ ತಪಾಸಣೆ ಎಲ್ಲ ಕಡೆ ಬಂದಿದ್ದು ಅಲ್ಲಿಂದ.

ಶಾರ್ಟ್‌ಕಟ್ ಸೋಮ
ಆ ಅಪಘಾತಕ್ಕೆ ನಿಜವಾದ ಕಾರಣ ಬೇರೆ ಅಂತಲೂ ವಾದ ಇದೆಯಲ್ಲ ಸಾರ್?

ಹಳಿ ಮೇಲೆ ಬದುಕು
ಇದೆ. ಅದಕ್ಕೇ "ವಾದಿಸಿದರು" ಅಂತ ಬರೆದಿದ್ದು. ಪರೀಕ್ಷೆ ಬೇಡ ಅಂತ ಅದರಿಂದ ಆಗಲ್ಲ.

ಎಡಗಡೆ ಚಲಿಸಿ
ಹಾಗಾದರೆ ಕಾರಿನ ಲೈಸೆನ್ಸೂ ಕೊಡಬಾರದು. ರಸ್ತೆಯಲ್ಲಿ ಇರುವವರ ಜೀವ ಜೀವವಲ್ಲವಾ?

ತುಂಗೆಯ ದಡ
ಕೊಡುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಕಡಿಮೆ ಮತ್ತು ಮಧ್ಯಮ ಪ್ರಮಾಣದ ದೋಷ ಇರುವವರಿಗೆ ಲೈಸೆನ್ಸ್ ಕೊಡಬಹುದು ಅಂತ ಮಾಡಿದೆ. ಮೊದಲು ಫಾರಂನಲ್ಲಿ "ಕೆಂಪು ಹಸಿರು ಗುರುತಿಸಬಲ್ಲಿರಾ" ಅಂತ ಕೇಳುತ್ತಿದ್ದರು. ಎಲ್ಲರೂ ಕಣ್ಣು ಮುಚ್ಚಿ ಹೌದು ಅಂತ ಟಿಕ್ ಹಾಕುತ್ತಿದ್ದರು, ಈಗ ನಿಜ ಹೇಳಬಹುದು.

ಓಡಿಸುವಾಗ ಏನಾಗುತ್ತದೆ ಅಂತ ಕೇಳಿ. ಹಸಿರು ದೀಪ ನನಗೆ ಬಿಳಿಯಾಗಿ ಕಾಣುತ್ತದೆ. ರಾತ್ರಿ ಬೀದಿದೀಪಗಳ ಸಾಲಿನಲ್ಲಿ ಅದು ಕಳೆದುಹೋಗುತ್ತದೆ. ಹಳೇ ಸೋಡಿಯಂ ದೀಪ ಇರುವ ರಸ್ತೆಯಲ್ಲಿ ಹಳದಿ ಸಿಗ್ನಲ್ ಯಾವುದು, ಬೀದಿದೀಪ ಯಾವುದು ಅಂತ ಹತ್ತಿರ ಹೋಗುವವರೆಗೂ ಗೊತ್ತಾಗಲ್ಲ. ಅದಕ್ಕೆ ನಾನು ಜಂಕ್ಷನ್ ಬಂತು ಅಂದರೆ ನಿಧಾನ ಮಾಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಎಲ್ಲ ಬಣ್ಣ ಚೆನ್ನಾಗಿ ಕಂಡೂ ಕೆಂಪಿನಲ್ಲಿ ನುಗ್ಗುವವರಿಗಿಂತ ನಾನು ವಾಸಿ.

ಎಡಗಡೆ ಚಲಿಸಿ
ನೀವು ಹುಷಾರಾಗಿದ್ದೀರಿ, ಒಪ್ಪಿದೆ. ಎಲ್ಲರೂ ಹಾಗಿರುತ್ತಾರೆ ಅಂತ ಏನು ಗ್ಯಾರಂಟಿ? ಟ್ಯಾಕ್ಸಿ, ಬಸ್ಸು ಓಡಿಸುವವರಿಗೆ ಬೇರೆ ನಿಯಮ ಬೇಕು.

ಕಣ್ಣಾಸ್ಪತ್ರೆ ಕೆಲಸದವಳು
ಒಂದು ಮಾತು ಸೇರಿಸುತ್ತೇನೆ. ಕೆಂಪಿನ ಕಡೆ ದೋಷ ಇರುವವರಿಗೆ ಕೆಂಪು ಬಣ್ಣ ಬರೀ ಬೇರೆಯಾಗಿ ಕಾಣುವುದಲ್ಲ, ಮಂಕಾಗಿ ಕಾಣುತ್ತದೆ. ಮುಂದಿನ ಗಾಡಿಯ ಬ್ರೇಕ್ ಲೈಟ್ ತಡವಾಗಿ ಗಮನಕ್ಕೆ ಬರಬಹುದು. ಅಂಥವರು ಅಂತರ ಜಾಸ್ತಿ ಇಟ್ಟುಕೊಂಡು ಓಡಿಸಬೇಕು. ಅದಕ್ಕೇ ಯಾವ ಬಗೆ ಅಂತ ತಿಳಿದುಕೊಳ್ಳಿ ಅಂತ ಹೇಳುವುದು.

ಫೇಸ್ ನ್ಯೂಟ್ರಲ್ ಅರ್ತ್
ವೈರಿಂಗ್ ಕೆಲಸದವನು ನಾನು. ಕೆಂಪು, ಹಳದಿ, ನೀಲಿ ಫೇಸು. ಕಪ್ಪು ನ್ಯೂಟ್ರಲ್, ಹಸಿರು ಅರ್ತು. ಕೆಂಪು ಹಸಿರು ಅದಲು ಬದಲಾದರೆ ಫ್ರಿಜ್ ಮುಟ್ಟಿದವರ ಕಥೆ ಏನು? ಒಬ್ಬ ಹುಡುಗ ನನ್ನ ಹತ್ತಿರ ಕೆಲಸ ಕಲಿಯಲು ಬಂದಿದ್ದ, ಹೀಗೇ ಇತ್ತು. ನಾನು ಬಿಡಿಸಲಿಲ್ಲ. ಪ್ರತಿ ತುದಿಗೂ ಟೇಪ್ ಸುತ್ತಿ ಅಕ್ಷರ ಬರೆಯಬೇಕು, ಟೆಸ್ಟರ್ ಹಾಕದೆ ಒಂದು ಸ್ಕ್ರೂ ಕೂಡ ಬಿಗಿ ಮಾಡಬಾರದು ಅಂತ ಕಟ್ಟು ಮಾಡಿದೆ. ಈಗ ಅವನ ಬೋರ್ಡ್ ಬಿಚ್ಚಿ ನೋಡಿದರೆ ಎಲ್ಲದಕ್ಕೂ ಚೀಟಿ. ಆಮೇಲೆ ಬಂದು ರಿಪೇರಿ ಮಾಡುವವನಿಗೆ ಅದೆಷ್ಟು ಸುಲಭ ಗೊತ್ತಾ.

ವಕೀಲರ ಕೈಚೀಲ
ಈ ವಿಷಯದ ಮೇಲೆ ಕೇಸೇ ಆಗಿದೆ. ತಮಿಳುನಾಡಿನ ವಿದ್ಯುತ್ ನಿಗಮದಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆಗೆ ಆಯ್ಕೆಯಾದವರನ್ನು ಬಣ್ಣಗುರುಡು ಅಂತ ಬಿಟ್ಟಿದ್ದರು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲಸ ಕೊಡಿ ಅಂತ ಹೇಳಿತು. ಅದಕ್ಕೂ ಮುಂಚೆ 2022ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೇಸು. ಎಡಿಟಿಂಗ್ ಸೇರಿದಂತೆ ಕೋರ್ಸ್‌ಗಳಿಗೆ ಇವರನ್ನು ಸೇರಿಸಿಕೊಳ್ಳಬೇಕು ಅಂತ ಆಯಿತು. 2017ರಲ್ಲಿ ತ್ರಿಪುರಾದ ಎಂಬಿಬಿಎಸ್ ಸೀಟಿನ ಕೇಸೂ ವಿದ್ಯಾರ್ಥಿಗಳ ಪರವಾಗಿಯೇ ಆಯಿತು.

ಇನ್ನೊಂದು ಕಡೆ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದ್ದಾರೆ, ಇದು ಅದರಲ್ಲಿ ಇಲ್ಲ. ಕೆಲಸ ಕೊಡದಿರಲು ಇದು ದೋಷ, ಮೀಸಲಾತಿ ಕೇಳಿದರೆ ದೋಷವಲ್ಲ. ಎರಡೂ ಕಡೆ ಹೊಡೆತ.

ಸಂಪಿಗೆ ಮರ
ಅಯ್ಯೋ, ಡಾಕ್ಟರಿಗೂ ಇರಬಹುದಾ? ರಕ್ತ ಕಾಣಲ್ವಾ ಅವರಿಗೆ?

ಕಣ್ಣಾಸ್ಪತ್ರೆ ಕೆಲಸದವಳು
ರಕ್ತ ಕಾಣುತ್ತದೆ ಅಕ್ಕ, ಕೆಂಪಾಗಿ ಎದ್ದು ಕಾಣಲ್ಲ ಅಷ್ಟೆ. ಹಾಗಿದ್ದೂ ಒಳ್ಳೆಯ ಡಾಕ್ಟರಾಗಿ ಕೆಲಸ ಮಾಡುವವರು ಇದ್ದಾರೆ. ದದ್ದು, ಸ್ಲೈಡಿನ ಬಣ್ಣ ಇಂಥ ಕಡೆ ಇನ್ನೊಬ್ಬರನ್ನು ಕೇಳುತ್ತಾರೆ.

ಧಾರವಾಡದ ಪೇಡೆ
ದದ್ದು ಅಂದಾಗ ನೆನಪಾಯಿತು. ನಮ್ಮ ಮನೆಯವರಿಗೆ ಇದೆ. ಮಗಳಿಗೆ ಮೈಯೆಲ್ಲ ಗುಳ್ಳೆ ಎದ್ದಿದ್ದವು, ನಾನು ಊರಲ್ಲಿ ಇರಲಿಲ್ಲ. ಇವರು "ಏನೂ ಇಲ್ಲ, ಸುಮ್ನೆ ಕೆರೆದುಕೊಳ್ಳುತ್ತಾಳೆ" ಅಂತ ಕೂತಿದ್ದರು. ವಿಡಿಯೋ ಕಾಲ್‌ನಲ್ಲಿ ನೋಡಿ ನಾನು ಕೂಗಾಡಿದೆ. ಆಮೇಲೆ ಗೊತ್ತಾಯಿತು, ಇವರಿಗೆ ಚರ್ಮದ ಮೇಲೆ ನಸುಗೆಂಪು ಕಾಣುವುದೇ ಇಲ್ಲ. ಈಗ ಜ್ವರ ಅಂದರೆ ಕೈ ಇಟ್ಟು ಸವರಿ ನೋಡಿ ಅಂತ ಹೇಳಿಕೊಟ್ಟಿದ್ದೇನೆ.

ಮೀನು ತಿನ್ನದವನು
ಅಂಗಡಿಯಲ್ಲಿ ಬಿಸ್ಕತ್ತು ಪೊಟ್ಟಣ ತೆಗೆದುಕೊಳ್ಳುವಾಗ ನನ್ನ ಸಂಕಟ ಕೇಳಿ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ. ನನಗೆ ಎರಡೂ ಒಂದೇ! ಮೊಟ್ಟೆ ಹಾಕಿದ ಕೇಕನ್ನು ಅಜ್ಜಿಗೆ ತಿನ್ನಿಸಿದ ಪಾಪ ನನ್ನ ಮೇಲಿದೆ. ಅಜ್ಜಿಗೆ ಇವತ್ತಿಗೂ ಹೇಳಿಲ್ಲ. ತುಂಬಾ ರುಚಿಯಾಗಿದೆ ಅಂದಿದ್ದರು.

ವಕೀಲರ ಕೈಚೀಲ
ಅದು ಬದಲಾಗಿದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ, 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರದ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನ ಮಾಡಿದ್ದಾರೆ. ಹಸಿರು ದುಂಡಗೆ ಹಾಗೇ ಇದೆ. ಇನ್ನು ಆಕಾರ ನೋಡಿ.

ಮೀನು ತಿನ್ನದವನು
ಇದು ನನಗೆ ಗೊತ್ತೇ ಇರಲಿಲ್ಲ! ಅಡುಗೆಮನೆಗೆ ಓಡಿ ನೋಡಿ ಬಂದೆ, ಡಬ್ಬದ ಮೇಲೆ ದುಂಡಗೆ ಇದೆ. ಬದುಕಿದೆ.

ಪಿಯು ಮೇಷ್ಟ್ರು
ಮಗ ಸೈನ್ಸ್ ತೆಗೆದುಕೊಳ್ಳುವುದಾದರೆ ನನ್ನ ಮಾತು ಕೇಳಿ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪರ್ಮಾಂಗನೇಟ್ ಟೈಟ್ರೇಷನ್ ಇರುತ್ತದೆ. ಬಣ್ಣವಿಲ್ಲದ ದ್ರಾವಣ ಒಂದು ಹನಿಗೆ ತಿಳಿ ಗುಲಾಬಿ ಆಗಬೇಕು, ಅಲ್ಲಿಗೆ ನಿಲ್ಲಿಸಬೇಕು. ಈ ಮಕ್ಕಳಿಗೆ ಆ ತಿಳಿ ಗುಲಾಬಿ ಕಾಣಲ್ಲ. ಇನ್ನೂ ಹಾಕುತ್ತಾ ಹೋಗುತ್ತಾರೆ, ರೀಡಿಂಗ್ ತಪ್ಪುತ್ತದೆ, ಲೆಕ್ಚರರ್ "ಮನಸ್ಸು ಎಲ್ಲಿದೆ" ಅಂತ ಬೈಯುತ್ತಾರೆ. ಸಾಲ್ಟ್ ಅನಾಲಿಸಿಸ್‌ನಲ್ಲೂ ಹೀಗೇ, ಜ್ವಾಲೆಯ ಬಣ್ಣ ಹೇಳಬೇಕು.

ಮೊದಲನೇ ದಿನವೇ ಲೆಕ್ಚರರಿಗೆ ಹೇಳಿ. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಟ್ಟು, ಪಕ್ಕದಲ್ಲಿ ಬರೀ ನೀರಿನ ಫ್ಲಾಸ್ಕ್ ಇಟ್ಟು ಹೋಲಿಸಿ ನೋಡಿದರೆ ಗಾಢತೆಯ ವ್ಯತ್ಯಾಸದಿಂದ ಕೆಲವರಿಗೆ ತಿಳಿಯುತ್ತದೆ. ಇಲ್ಲದಿದ್ದರೆ ಬೆಂಚಿನ ಜೊತೆಗಾರ "ಸಾಕು" ಅನ್ನಲಿ. ನನ್ನ ಕ್ಲಾಸಿನಲ್ಲಿ ನಾನು ಬಿಡುತ್ತೇನೆ.

ಅಂದ ಹಾಗೆ ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವ ಜಾನ್ ಡಾಲ್ಟನ್‌ಗೇ ಇದು ಇತ್ತು. ಹಗಲು ನೀಲಿಯಾಗಿ ಕಂಡ ಜೆರೇನಿಯಂ ಹೂವು ಮೇಣದಬತ್ತಿ ಬೆಳಕಿನಲ್ಲಿ ಕೆಂಪಾಗಿ ಕಂಡಿತಂತೆ. ತಮ್ಮನ್ನು ತಾವೇ ಪರೀಕ್ಷಿಸಿಕೊಂಡು 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಬಂಧ ಓದಿದರು. ಕಣ್ಣೊಳಗಿನ ದ್ರವ ನೀಲಿ ಇರಬೇಕು ಅನ್ನುವುದು ಅವರ ಊಹೆ, ಸತ್ತ ಮೇಲೆ ತೆಗೆದು ನೋಡಿ ಅಂತ ಹೇಳಿದ್ದರು. 1844ರಲ್ಲಿ ತೀರಿಕೊಂಡರು, ನೋಡಿದರು, ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಆ ಕಣ್ಣಿನಿಂದ 1995ರಲ್ಲಿ ಡಿಎನ್‌ಎ ತೆಗೆದು, ಹಸಿರಿನ ಕೋನ್ ಇರಲಿಲ್ಲ ಅಂತ ಕಂಡುಹಿಡಿದರು.

ಹುಬ್ಬಳ್ಳಿ ಗಿರ್ಮಿಟ್
ಸತ್ತು ನೂರೈವತ್ತು ವರ್ಷ ಆದ ಮೇಲೆ ರಿಪೋರ್ಟ್ ಬಂತಾ! ನಮ್ಮ ಲ್ಯಾಬಿನವರೇ ಪರವಾಗಿಲ್ಲ.

ಹಿಮದ ನಾಡಿನ ಕನ್ನಡಿಗ
ನಾನು ಟೊರಾಂಟೊದಲ್ಲಿ ಇರುವುದು. ಆ ಬಣ್ಣ ಕಾಣಿಸುವ ಕನ್ನಡಕದ ಬಗ್ಗೆ ಯಾರೂ ಬರೆದಿಲ್ಲವಲ್ಲ? ಹಾಕಿಕೊಂಡ ಕೂಡಲೇ ಜನ ಅಳುವ ವಿಡಿಯೋ ನೋಡಿ ನಾನೂ ಕೊಂಡೆ. ಅಳು ಬಂದಿದ್ದು ಬಿಲ್ ನೋಡಿ. ಮೇಪಲ್ ಎಲೆಗಳು ಸ್ವಲ್ಪ ಗಾಢವಾದವು, ನಿಜ. ಆದರೆ ಮೊದಲು ಬೇರೆಯಾಗಿ ಕಾಣುತ್ತಿದ್ದ ಒಂದೆರಡು ಬಣ್ಣ ಈಗ ಒಂದಾಗಿಬಿಟ್ಟವು.

ಕಣ್ಣಾಸ್ಪತ್ರೆ ಕೆಲಸದವಳು
ಅದು ಕೆಲವು ಬಣ್ಣದ ಬೆಳಕನ್ನು ಸೋಸುವ ಗಾಜು ಅಷ್ಟೆ, ಇಲ್ಲದ ಕೋನ್ ತಂದುಕೊಡಲ್ಲ. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದವರು 2018ರಲ್ಲಿ ಪರೀಕ್ಷಿಸಿ, ಸಹಜ ದೃಷ್ಟಿ ಇದರಿಂದ ಬರಲ್ಲ ಅಂತಲೇ ಬರೆದರು. ಖುಷಿಗೆ ಹಾಕಿಕೊಳ್ಳಲಿ, ಮೆಡಿಕಲ್ ಪಾಸಾಗಲು ಕೊಳ್ಳಬೇಡಿ. ಜೀನ್ ಚಿಕಿತ್ಸೆ 2009ರಲ್ಲಿ ಅಮೆರಿಕದಲ್ಲಿ ಅಳಿಲು ಕೋತಿಗಳ ಮೇಲೆ ಫಲ ಕೊಟ್ಟಿತು. ಒಂದು ಕೋತಿಯ ಹೆಸರೇ ಡಾಲ್ಟನ್. ಮನುಷ್ಯರ ಕೆಂಪು-ಹಸಿರು ದೋಷಕ್ಕೆ ಅದು ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ.

ಓದುವವರೆಲ್ಲರಿಗೂ ಒಂದು ಮುಖ್ಯ ವಿಷಯ. ಹುಟ್ಟಿನಿಂದ ಸರಿಯಿದ್ದು ನಡುವಯಸ್ಸಿನಲ್ಲಿ ಬಣ್ಣ ಮಂಕಾದರೆ ಅದು ಬೇರೆ ಕಥೆ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಮಾತ್ರೆಯಿಂದ ಕೆಲವರಿಗೆ ಕಣ್ಣಿನ ನರಕ್ಕೆ ಪೆಟ್ಟಾಗಿ ಕೆಂಪು-ಹಸಿರು ಗುರುತು ತಪ್ಪುತ್ತದೆ. ಮನೆಯಲ್ಲಿ ಯಾರಾದರೂ ಟಿಬಿ ಮಾತ್ರೆ ತೆಗೆದುಕೊಳ್ಳುತ್ತಾ ಕಣ್ಣು ಮಂಜು, ಬಣ್ಣ ಬೇರೆ ಅಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಬೇಗ ಕಂಡುಹಿಡಿದರೆ ಬಹಳಷ್ಟು ಜನರಿಗೆ ಸರಿಹೋಗುತ್ತದೆ.

ಚಿನ್ನಸ್ವಾಮಿ ಗ್ಯಾಲರಿ
ಕ್ರಿಕೆಟ್ ಇಲ್ಲದೆ ಚರ್ಚೆ ಹೇಗೆ ಮುಗಿಯುತ್ತದೆ? 2022ರಲ್ಲಿ ಶ್ರೀಲಂಕಾ ವಿರುದ್ಧ ನಮ್ಮೂರಲ್ಲಿ ಪಿಂಕ್ ಬಾಲ್ ಟೆಸ್ಟ್ ಆಯಿತಲ್ಲ, ನನಗೆ ಚೆಂಡೇ ಕಾಣಲಿಲ್ಲ. ಜನ ಕೂಗಿದಾಗ ಕೂಗಿದೆ. ಆಸ್ಟ್ರೇಲಿಯಾದ ಮ್ಯಾಥ್ಯೂ ವೇಡ್‌ಗೂ, ಕ್ರಿಸ್ ರೋಜರ್ಸ್‌ಗೂ ಇದೇ ದೋಷ. ಗುಲಾಬಿ ಚೆಂಡು ಕಷ್ಟ ಅಂತ ಇಬ್ಬರೂ ಹೇಳಿಕೊಂಡಿದ್ದಾರೆ.

ಬೆಂಗಳೂರು ಬಿಸಿಲು
ಅಂಥ ಕಣ್ಣಿಟ್ಟುಕೊಂಡು ವೇಡ್ ಕೀಪಿಂಗ್ ಮಾಡಿದ್ದಾ? ನಮ್ಮ ಕಾಲೋನಿ ಟೀಮಿನವರಿಗೆ ಎಲ್ಲ ಬಣ್ಣ ಕಂಡರೂ ಚೆಂಡು ಸಿಗಲ್ಲ.

ಮಜೆಂಟಾ ಅಲ್ಲ ನೇರಳೆ
ಮೆಟ್ರೋದವರಿಗೆ ಯಾರಾದರೂ ಹೇಳಿ. ಈಗ ನೇರಳೆ, ಹಸಿರು, ಹಳದಿ ಇದೆ. ಹಸಿರು-ಹಳದಿ ನಕ್ಷೆಯಲ್ಲಿ ನನಗೆ ಕಷ್ಟ, ಆದರೂ ನಡೆಯುತ್ತದೆ. ಮುಂದೆ ನೀಲಿ ಮಾರ್ಗ ಬಂದು ಕೆ.ಆರ್. ಪುರದಲ್ಲಿ ನೇರಳೆಗೆ ಸೇರುತ್ತದೆ. ನನ್ನಂಥವರಿಗೆ ನೇರಳೆಯೇ ನೀಲಿ! ಏರ್‌ಪೋರ್ಟಿಗೆ ಹೋಗಬೇಕಾದವನು ಚಲ್ಲಘಟ್ಟಕ್ಕೆ ಹೋಗಿ ನಿಲ್ಲುತ್ತೇನೆ. ಗೆರೆಯ ಮೇಲೆ 1, 2, 3 ಅಂತ ಅಂಕಿ ಹಾಕಿದರೆ ಏನು ಗಂಟು ಹೋಗುತ್ತದೆ?

ಬೆಂಗಳೂರು ಬಿಸಿಲು
ಬೋರ್ಡಿನಲ್ಲಿ ಊರಿನ ಹೆಸರು ಬರೆದಿರುತ್ತಾರೆ ಓದಿ ಸ್ವಾಮಿ.

ಮಜೆಂಟಾ ಅಲ್ಲ ನೇರಳೆ
ಓದುತ್ತೇನೆ. ಆದರೆ ದಾರಿ ಕೇಳಿದರೆ ನಿಮ್ಮಂಥವರು "ಪರ್ಪಲ್ ಲೈನ್ ಹತ್ತಿ" ಅನ್ನುತ್ತೀರಲ್ಲ, ಚಲ್ಲಘಟ್ಟ ಗಾಡಿ ಅಂತ ಹೇಳುವುದಿಲ್ಲ.

ಘಟ್ಟದ ಮೇಲಿನ ಮನೆ
ನಾನು ಅಮ್ಮ ಅಲ್ಲ, ಮಗ. ಅವರ ಫೋನ್‌ನಿಂದ ಬರೆಯುತ್ತಿದ್ದೇನೆ, ಅವರಿಗೆ ಹೇಳಿಯೇ. ಎಲ್ಲ ಓದಿದೆ.

ನನಗೆ ಮೊದಲಿಂದ ಅನುಮಾನ ಇತ್ತು. ಡ್ರಾಯಿಂಗ್‌ನಲ್ಲಿ ಮರದ ಎಲೆಗೆ ಕಂದು ಹಚ್ಚಿ ಮೇಡಂ ಹತ್ತಿರ ಬೈಸಿಕೊಂಡ ಮೇಲೆ ಕ್ರೇಯಾನ್ ಸುತ್ತಿದ ಕಾಗದ ಹರಿಯುವುದು ಬಿಟ್ಟೆ, ಅದರ ಮೇಲೆ ಹೆಸರು ಇರುತ್ತದೆ. ಬಾಯಿಪಾಠ ಮಾಡು ಅಂದ ಅಣ್ಣನಿಗೆ: ಬೇಡ. ಸಿಗ್ನಲ್ ತಪ್ಪಿ ಓದಿದರೆ ಏನಾಗುತ್ತದೆ ಅಂತ ಗೊತ್ತಿರುವಷ್ಟು ರೈಲಿನ ವಿಷಯ ನನಗೆ ಗೊತ್ತು. ಅಜ್ಜಿಯ ಜಗಳಕ್ಕೆ ನನ್ನನ್ನು ಎಳೆಯುವುದೂ ಬೇಡ.

ಹಳಿ ಮೇಲೆ ಬದುಕು ಅವರೇ, ಓಡಿಸದೆ ರೈಲಿನ ಹತ್ತಿರವೇ ಇರುವ ಕೆಲಸ ಯಾವುದಿದೆ? ಟೈಮ್‌ಟೇಬಲ್ ಮಾಡುವವರಿಗೂ ಬಣ್ಣ ಬೇಕಾ?

ಹಳಿ ಮೇಲೆ ಬದುಕು
ಬಾ ತಮ್ಮ. ಮೊದಲು ಒಂದು ಅಭ್ಯಾಸ ಮಾಡಿಕೋ. ರೈಲ್ವೆ ನೇಮಕಾತಿ ಅಧಿಸೂಚನೆಯಲ್ಲಿ ಪ್ರತಿ ಹುದ್ದೆಯ ಎದುರಿಗೆ ಮೆಡಿಕಲ್ ದರ್ಜೆ ಬರೆದಿರುತ್ತಾರೆ. ಸಂಬಳ ನೋಡುವ ಮುಂಚೆ ಅದನ್ನು ನೋಡು. ಎ ದರ್ಜೆಯವು ಗಾಡಿ ಓಡಾಟಕ್ಕೆ ಸಂಬಂಧಪಟ್ಟವು, ಸ್ಟೇಷನ್ ಮಾಸ್ಟರೂ ಅದರಲ್ಲೇ ಬರುತ್ತಾರೆ. ಅಲ್ಲಿ ಬಣ್ಣ ಬೇಕು. ಅಕೌಂಟ್ಸ್, ಗುಮಾಸ್ತೆ ಕೆಲಸದ ಕಡೆ ಈ ತಕರಾರು ಇಲ್ಲ.

ಅದು ನಿನಗೆ ಸಪ್ಪೆ ಅನ್ನಿಸಬಹುದು. ಹಾಗಾದರೆ ಮೆಕ್ಯಾನಿಕಲ್ಲೋ ಕಂಪ್ಯೂಟರ್ರೋ ಓದು. ಬೋಗಿ ಮಾಡುವ ಬಿಇಎಂಎಲ್ ಬೆಂಗಳೂರಿನಲ್ಲೇ ಇದೆ. ಗಾಲಿ ಮತ್ತು ಅಚ್ಚು ಮಾಡುವ ಕಾರ್ಖಾನೆ ಯಲಹಂಕದಲ್ಲಿದೆ. ಸಿಗ್ನಲ್ ವ್ಯವಸ್ಥೆ, ಟೈಮ್‌ಟೇಬಲ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡುವ ಖಾಸಗಿ ಕಂಪನಿಗಳೂ ಇವೆ. ಸೇರುವ ಮುಂಚೆ ಅವರ ಮೆಡಿಕಲ್ ನಿಯಮ ಒಂದು ಸಲ ಬರವಣಿಗೆಯಲ್ಲಿ ಕೇಳು. ಅದಕ್ಕೆ ಮುಂಚೆ ಆ ಡಿ-15 ಮಾಡಿಸಿ ವರದಿ ಇಟ್ಟುಕೋ.

ಕೋಡ್ ಕೊರೆಯುವವ
ಸಾಫ್ಟ್‌ವೇರಿನಲ್ಲಿ ಏನೂ ತೊಂದರೆ ಇಲ್ಲ ಅಂದುಕೊಳ್ಳಬೇಡಪ್ಪ. ನಮ್ಮ ಮ್ಯಾನೇಜರ್ ಎಕ್ಸೆಲ್‌ನಲ್ಲಿ ಆಗಿದ್ದಕ್ಕೆ ಹಸಿರು, ಆಗದ್ದಕ್ಕೆ ಕೆಂಪು ಬಳಿದು ಕಳಿಸುತ್ತಾರೆ, ಅಕ್ಷರ ಒಂದೂ ಇರಲ್ಲ. ನನಗೆ ಇಡೀ ಶೀಟ್ ಸಾಸಿವೆ ಬಣ್ಣ. ಫೇಸ್‌ಬುಕ್ ನೀಲಿ ಇರುವುದೇ ಜುಕರ್‌ಬರ್ಗ್‌ಗೆ ಕೆಂಪು-ಹಸಿರು ಕಾಣದೆ ನೀಲಿ ಚೆನ್ನಾಗಿ ಕಾಣುತ್ತದೆ ಅಂತ. ನಾವೂ ಕಂಪನಿ ಕಟ್ಟಿದರೆ ಇದೆಲ್ಲ ಸರಿಯಾಗುತ್ತದೆ.

ಫೋನ್‌ನಲ್ಲಿ ಬಣ್ಣ ತಿದ್ದುವ ಸೆಟ್ಟಿಂಗ್ ಇದೆ, ಹಾಕಿಕೋ. ಮ್ಯಾಪ್ ನೋಡಲು ಅನುಕೂಲ.

ಘಟ್ಟದ ಮೇಲಿನ ಮನೆ
ಅದು ಎಲ್ಲಿದೆ? ಅಮ್ಮನದು ಆಂಡ್ರಾಯ್ಡ್. (ಮಗನೇ)

ಕೋಡ್ ಕೊರೆಯುವವ
ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಅದರೊಳಗೆ ಕಲರ್ ಕರೆಕ್ಷನ್. ಕೆಲವು ಫೋನುಗಳಲ್ಲಿ ಇನ್ನೂ ಒಂದು ಮೆನು ಒಳಗೆ ಇರುತ್ತದೆ, ಮೇಲೆ ಹುಡುಕುವ ಜಾಗದಲ್ಲಿ ಟೈಪ್ ಮಾಡಿದರೆ ಬರುತ್ತದೆ. ಕೆಂಪಿಗೆ ಒಂದು, ಹಸಿರಿಗೆ ಒಂದು, ನೀಲಿಗೆ ಒಂದು ಆಯ್ಕೆ ಇದೆ. ನಿನ್ನದು ಯಾವುದು ಅಂತ ತಿಳಿಯುವವರೆಗೂ ಕೆಂಪಿನದು, ಹಸಿರಿನದು ಎರಡನ್ನೂ ಹಾಕಿ ನೋಡು. ಅಮ್ಮ ಫೋನ್ ಕೇಳುವ ಮುಂಚೆ ಆಫ್ ಮಾಡು, ಇಲ್ಲದಿದ್ದರೆ ಫೋಟೋಗಳೆಲ್ಲ ಕೆಟ್ಟುಹೋದವು ಅಂತ ಅದಕ್ಕೂ ಒಂದು ಪೋಸ್ಟ್ ಹಾಕುತ್ತಾರೆ.